ಮೀನೆಣ್ಣೆ ಸವರಿದ ಯಂತ್ರ

ಅಥವಾ ಆ ವಾಸನೆ ಮೀನೆಣ್ಣೆಯದೇ ಆಗಿರಲಿಲ್ಲವೇನೋ. ಇಷ್ಟು ವರ್ಷ ಅದನ್ನು ಮೀನೆಣ್ಣೆ ಎಂದೇ ಹೇಳುತ್ತ ಬಂದಿದ್ದೇನೆ. ಹೇಳಿ ಹೇಳಿ ಈಗ ಮೂಗಿಗೂ ಅದೇ ಖಾತ್ರಿಯಾಗಿದೆ. ನೆನಪಿನಲ್ಲಿ ಆ ಶೆಡ್ಡಿನ ಬಾಗಿಲು ತೆರೆದ ಕೂಡಲೇ ಮೀನೆಣ್ಣೆಯ ಜೊತೆಗೆ ಈಥರಿನ ಸಿಹಿ ಘಾಟೂ ಬರುತ್ತದೆ. ಬರಬಾರದು. ಈಥರಿನ ಬಾಟಲಿ ಇದ್ದದ್ದು ಅಂಗಳದಾಚೆ, ಆಪರೇಷನ್ ಕೋಣೆಯಲ್ಲಿ; ನಡುವೆ ಸುರಿಯುವ ಮಳೆ. ಒಂದು ವಾಸನೆ ಸುಳ್ಳೆಂದಾದ ಮೇಲೆ ಇನ್ನೊಂದನ್ನು ಹೇಗೆ ನಂಬುವುದು ಎಂದು ಕೇಳಿಕೊಂಡೇ ಬರೆಯುತ್ತಿದ್ದೇನೆ.

ಇಷ್ಟು ಮಾತ್ರ ನಿಜ. ಅರವತ್ತರ ದಶಕದ ನಡುಭಾಗ. ಹೊನ್ನಾವರಕ್ಕೆ ಕಂಬದ ಕರೆಂಟು ಬಂದು ಎರಡು ವರ್ಷವಾಗಿತ್ತು. ಆಷಾಢ. ನನ್ನ ಅಕ್ಕನಿಗೆ ಚೊಚ್ಚಲ ಹೆರಿಗೆಯ ನೋವು ಶುರುವಾಗಿ ಅಂದಿಗೆ ಎರಡನೆಯ ದಿನ. ಭಾವ ಮುಂಬಯಿಯಲ್ಲಿ ನೌಕರಿಯಲ್ಲಿದ್ದ. ಕುಮಟೆಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ನಾನು ರಜೆ ಹಾಕಿ ಭಟ್ಕಳದ ಅವಳ ಮನೆಗೆ ಹೋಗಿದ್ದೆ. ಮೊದಲ ದಿನವೇ ಆಸ್ಪತ್ರೆಗೆ ಹೋಗೋಣ ಎಂದು ನನ್ನ ಬಾಯಿಗೆ ಬಂದಿತ್ತೋ, ಅಥವಾ ಆಮೇಲೆ ಬಂದಿತ್ತೆಂದು ನಾನೇ ಸೇರಿಸಿಕೊಂಡೆನೋ. ಹೇಳಿರಲಿಲ್ಲ ಎನ್ನುವುದಂತೂ ನಿಜ. ಎರಡನೆಯ ಬೆಳಿಗ್ಗೆ ಸೂಲಗಿತ್ತಿ ಹೊರಗೆ ಬಂದು, ಕೈ ತೊಳೆದುಕೊಳ್ಳುತ್ತ, "ನನ್ನ ಕೈಲಿ ಆಗೂದಲ್ಲ. ಹೊನ್ನಾವರಕ್ಕೆ ಕರ್ಕೊಂಡು ಹೋಗಿ, ತಡ ಮಾಡ್ಬೇಡಿ" ಎಂದಳು.

ಕಾಸರಕೋಡಿನವರೆಗೆ ಬಾಡಿಗೆ ಕಾರು. ಅಲ್ಲಿಂದ ಶರಾವತಿ ದಾಟಲು ದೋಣಿ. ಹೊಳೆ ಕೆಂಪಗೆ ತುಂಬಿತ್ತು. ದೋಣಿಯಲ್ಲಿ ಅಕ್ಕ ನನ್ನ ಪಂಚೆಯ ಚುಂಗು ಹಿಡಿದುಕೊಂಡಿದ್ದಳು ಎಂದು ಬರೆಯಲು ಹೊರಟಿದ್ದೆ. ಆದರೆ ಆ ದಿನ ನಾನು ಪ್ಯಾಂಟು ಹಾಕಿದ್ದೆ. ಡೀಸೆಲ್ ಕಲೆ ಹೋಗದೆ ಅದನ್ನು ಆಮೇಲೆ ಎಸೆದದ್ದು ನೆನಪಿದೆ. ಹಾಗಾದರೆ ಅವಳು ಏನು ಹಿಡಿದುಕೊಂಡಿದ್ದಳು? ಏನನ್ನೋ ಬಿಗಿಯಾಗಿ ಹಿಡಿದಿದ್ದಳು.

ಹೊಳೆಯ ದಂಡೆಗೆ ಹತ್ತಿರದ ಆ ಸಣ್ಣ ಆಸ್ಪತ್ರೆಗೆ ಒಬ್ಬರೇ ಡಾಕ್ಟರು. ಮಂಗಳೂರು ಕಡೆಯವರು, ಮಾತು ಕಡಿಮೆ. ಅಕ್ಕನನ್ನು ನೋಡಿ ಹೊರಗೆ ಬಂದವರು ಕೈಯಲ್ಲಿದ್ದ ಟವೆಲನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು.

"ಕೊಯ್ದೇ ತೆಗೆಯಬೇಕು. ಆದರೆ ಕರೆಂಟಿಲ್ಲ. ನಿನ್ನೆಯ ಗಾಳಿಗೆ ಕಂಬಗಳು ಬಿದ್ದಿವೆ, ಯಾವಾಗ ಬರುತ್ತದೋ ಹೇಳಲಿಕ್ಕಾಗುವುದಿಲ್ಲ."

ಮಧ್ಯಾಹ್ನ ಎರಡು ಗಂಟೆಯಿದ್ದೀತು. ಆದರೆ ಆಪರೇಷನ್ ಕೋಣೆಯ ಒಂದೇ ಕಿಟಕಿಯಲ್ಲಿ ಕಂಡದ್ದು ಮುಸ್ಸಂಜೆಯ ಬೂದು ಬಣ್ಣ.

"ಗ್ಯಾಸ್‌ಲೈಟು ತರಿಸಲೇ?" ಎಂದೆ. ಮದುವೆ ಮನೆಗಳಲ್ಲಿ ಹೊತ್ತಿಸುತ್ತಿದ್ದ ಪಂಪ್ ಹೊಡೆಯುವ ದೀಪ ನನ್ನ ತಲೆಯಲ್ಲಿತ್ತು.

"ನಾನು ಪ್ರಜ್ಞೆ ತಪ್ಪಿಸಲಿಕ್ಕೆ ಈಥರ್ ಕೊಡುವವ. ಅದರ ಆವಿಗೆ ಬೆಂಕಿ ಸೋಕಿದರೆ ಕೋಣೆಯೇ ಹಾರುತ್ತದೆ, ಮಾಸ್ತರರೇ." ಅವರು ಮತ್ತೆ ಟವೆಲು ಬಿಡಿಸಿದರು. "ಎರಡು ಬ್ಯಾಟರಿ ಟಾರ್ಚು ಇವೆ. ಕೊಯ್ಯಲಿಕ್ಕೆ ಸಾಕು, ರಕ್ತ ಕಟ್ಟಿ ಹೊಲಿಯಲಿಕ್ಕೆ ಸಾಲದು. ಹಿಂದೆ ಜನರೇಟರ್ ಇದೆ. ಕಂಬದ ಕರೆಂಟು ಬಂದಂದಿನಿಂದ ಯಾರೂ ಮುಟ್ಟಿಲ್ಲ. ಒಂದು ಗಂಟೆ ಕಾಯುತ್ತೇನೆ. ಅದಕ್ಕಿಂತ ಹೆಚ್ಚು ಕಾಯುವ ಹಾಗಿಲ್ಲ. ಆಗದಿದ್ದರೆ ಟಾರ್ಚಿನಲ್ಲೇ ಕೊಯ್ಯುತ್ತೇನೆ."

ಹೊಲಿಯಲಿಕ್ಕೆ ಸಾಲದು ಎಂದರೆ ಏನೆಂದು ನಾನು ಕೇಳಲಿಲ್ಲ.

ಜನರೇಟರಿನ ಶೆಡ್ಡಿನ ಕೀಲಿ ಇದ್ದದ್ದು ಆಸ್ಪತ್ರೆಯ ಕಾವಲುಗಾರನ ಸೊಂಟದಲ್ಲಿ. ಮೊದಲು ದೊಡ್ಡ ದೋಣಿಯೊಂದನ್ನು ನಡೆಸುವ ತಾಂಡೇಲನಾಗಿದ್ದ ಮುದುಕ. ಸಮುದ್ರಕ್ಕೆ ಹೋಗುವುದು ಬಿಟ್ಟು ಹತ್ತು ವರ್ಷವಾದರೂ ಊರಿಗೆಲ್ಲ ತಾಂಡೇಲನೇ. ಅವನು ಬಾಗಿಲು ತೆರೆದಾಗ ನನಗೆ ಜನರೇಟರ್ ಕಾಣಲಿಲ್ಲ. ಕಂಡದ್ದು ದೋಣಿ. ಎರಡು ತೆಂಗಿನ ಕೊರಡಿನ ಮೇಲೆ ಏನನ್ನೋ ಏರಿಸಿ, ಮೇಲೆ ಹೆಣೆದ ತೆಂಗಿನ ಮಡಲು ಹೊದಿಸಿ, ಕತ್ತದ ಹಗ್ಗದಿಂದ ಅಡ್ಡಡ್ಡ ಬಿಗಿದು ಕಟ್ಟಿತ್ತು. ಮಳೆಗಾಲಕ್ಕೆ ಕಡಲ ದಂಡೆಯ ಮೇಲೆ ದೋಣಿಗಳನ್ನು ಎಳೆದು ಮುಚ್ಚಿಡುವುದು ಹೀಗೆಯೇ.

"ಡಾಕ್ಟ್ರು ಹೇಳಿದ್ರು, ಚೆಂದ ಮಾಡಿ ಮುಚ್ಚಿಡು ಅಂತ," ಎಂದು ತಾಂಡೇಲ ಹಗ್ಗ ಬಿಚ್ಚತೊಡಗಿದ. ಅವನ ಧ್ವನಿಯಲ್ಲಿ ಹೆಮ್ಮೆಯಿತ್ತು. "ಎರಡು ಮಳೆಗಾಲ ಆತು. ಎಂತದೂ ಆಗ್ಲಿಲ್ಲ ಇದಕ್ಕೆ."

ಅಷ್ಟರಲ್ಲಿ ಆಯಾ ಕೊಡೆ ಹಿಡಿದು ಓಡಿ ಅಕ್ಕಿ ಗಿರಣಿಯಿಂದ ಒಬ್ಬರನ್ನು ಕರೆತಂದಿದ್ದಳು. ಗಿರಣಿಯ ಇಂಜಿನ್ ನೋಡಿಕೊಳ್ಳುತ್ತಿದ್ದ ಭಟ್ಕಳದ ಸಾಯ್ಬರು. ಒಂದು ಕೈಯಲ್ಲಿ ಡೀಸೆಲ್ ಡಬ್ಬ, ಇನ್ನೊಂದರಲ್ಲಿ ನಟ್ಟು ತಿರುಗಿಸುವ ಪಾನೆಗಳ ಚೀಲ, ತಲೆಯ ಮೇಲೆ ಮಳೆಗೆ ಗೋಣಿಯ ಕೊಪ್ಪೆ. ಬಾಗಿಲಲ್ಲೇ ನಿಂತು ನೋಡಿದರು.

"ಇದೆಂತ ತಾಂಡೇಲ್ರೆ, ಜನರೇಟರೋ ದೋಣಿಯೋ? ಬಲೆ ಎಲ್ಲಿಟ್ಟಿದ್ರಿ?"

"ತುಕ್ಕು ಹುಡುಕಿ ತೋರ್ಸಿ ಸಾಯ್ಬ್ರೆ. ಒಂದು ಚುಕ್ಕಿ ಸಿಕ್ಕಿದ್ರೆ ನಾ ಮೀಸೆ ತೆಗಿತೆ."

ತುಕ್ಕು ನಿಜಕ್ಕೂ ಇರಲಿಲ್ಲ. ಕಡಲಿನ ಉಪ್ಪುಗಾಳಿಯಲ್ಲಿ ಕಿಟಕಿಯ ಸರಳು ಕೂಡ ಎರಡು ವರ್ಷಕ್ಕೆ ಪುಡಿಯಾಗುವ ಊರಿನಲ್ಲಿ ಆ ಇಂಜಿನ್ ಕಂದು ಬಣ್ಣಕ್ಕೆ ಮಿರಿಮಿರಿ ಹೊಳೆಯುತ್ತಿತ್ತು. ಸಾಯ್ಬರು ಬೆರಳಿನಿಂದ ಮುಟ್ಟಿ, ಆ ಬೆರಳನ್ನು ಮೂಗಿಗೆ ಹಿಡಿದರು. ಅವರ ಮುಖದ ನಗು ಹೋಯಿತು.

"ಎಂತ ಹಚ್ಚಿದ್ರಿ ಇದಕ್ಕೆ?"

"ತಾರ್ಲೆ ಮೀನಿನ ಎಣ್ಣೆ. ಹಲಗೆಗೆ ಹಚ್ಚೂದು. ಎಲ್ಲೆಲ್ಲಿ ಬೆರಳು ಹೋಗ್ತದೋ ಅಲ್ಲೆಲ್ಲ ಹಚ್ಚಿದೆ. ಬೆರಳು ಹೋಗದಲ್ಲಿ ಕೋಳಿ ಗರಿಯಿಂದ."

ಸಾಯ್ಬರು ನನ್ನ ಕಡೆ ನೋಡಿದರು. ಗಡಿಯಾರ ಇದ್ದದ್ದು ನನ್ನ ಕೈಯಲ್ಲಿ ಮಾತ್ರ. "ಎಷ್ಟು ಹೊತ್ತು ಕೊಟ್ಟಿದ್ರು ಡಾಕ್ಟ್ರು?"

"ಐವತ್ತು ನಿಮಿಷ ಉಳಿದಿದೆ."

ಆಮೇಲಿನದನ್ನು ನಾನು ಕ್ರಮವಾಗಿ ಹೇಳಬಲ್ಲೆ. ಅದಕ್ಕೇ ಅನುಮಾನ. ಭಯದಲ್ಲಿದ್ದವನಿಗೆ ಕೆಲಸದ ಕ್ರಮ ಇಷ್ಟು ಚೊಕ್ಕವಾಗಿ ಉಳಿಯುತ್ತದೆಯೇ? ಬಹುಶಃ ನಂತರದ ವರ್ಷಗಳಲ್ಲಿ ಬೇರೆ ಇಂಜಿನ್‌ಗಳನ್ನು ನೋಡಿ ಬಿಟ್ಟ ಜಾಗಗಳನ್ನು ತುಂಬಿಕೊಂಡಿದ್ದೇನೆ. ಇರಲಿ.

ಮೊದಲು ಹ್ಯಾಂಡಲ್ ತಿರುಗಲಿಲ್ಲ. ಸಾಯ್ಬರೂ ನಾನೂ ಒಟ್ಟಿಗೆ ಜೋತುಬಿದ್ದರೂ ದೊಡ್ಡ ಚಕ್ರ ಕೂದಲಷ್ಟೂ ಸರಿಯಲಿಲ್ಲ. ಹೊಗೆಯ ಕೊಳವೆಯಲ್ಲೂ ಗಾಳಿಯ ಕೊಳವೆಯಲ್ಲೂ ತಾಂಡೇಲ ಬಟ್ಟೆ ತುರುಕಿದ್ದ. ದೋಣಿಯ ಸಂದಿಗೆ ಹತ್ತಿ ತುಂಬಿದ ಹಾಗೆ. ಅದನ್ನು ಕಿತ್ತು ಒಳಗೆ ದೀಪಕ್ಕಿಟ್ಟಿದ್ದ ಚಿಮಣಿ ಎಣ್ಣೆ ಸುರಿದು, ಚಕ್ರವನ್ನು ಹಿಂದೆ ಮುಂದೆ ಅಲ್ಲಾಡಿಸುತ್ತ ಕೂತೆವು. ಹಲ್ಲುನೋವಿನ ಹಾಗೆ ಒಂದು ಕಿರುಗುಡುವ ಶಬ್ದ ಬಂತು. ಮತ್ತೆ ಅಲ್ಲಾಡಿಸಿದೆವು. ಚಕ್ರ ಬಿಟ್ಟಿತು.

ಆಮೇಲೆ ಡೀಸೆಲ್ ಟ್ಯಾಂಕು. ತಳದ ಸ್ಕ್ರೂ ತೆಗೆದರೆ ಮೊದಲು ಬಂದದ್ದು ನೀರು, ನಂತರ ಗಂಜಿಯಂಥ ಕಪ್ಪು ಲೋಳೆ. ಅದನ್ನು ಚೆಲ್ಲಿ, ತೊಳೆದು, ಸಾಯ್ಬರು ತಂದ ಡೀಸೆಲನ್ನು ಮಲ್ಲು ಬಟ್ಟೆಯಲ್ಲಿ ಸೋಸಿ ಹಾಕಿದೆವು. ಕೊಳವೆಯೊಳಗೆ ಗಾಳಿ ಇದ್ದರೆ ಡೀಸೆಲ್ ಮುಂದೆ ಹೋಗುವುದಿಲ್ಲವಂತೆ. ಸಾಯ್ಬರು ಪಂಪಿನ ಬಳಿಯ ಸ್ಕ್ರೂ ಸಡಿಲಿಸಿ, ಗುಳ್ಳೆ ಬರುವುದು ನಿಲ್ಲುವ ತನಕ ಕಾಯಲು ನನಗೆ ಹೇಳಿದರು. ನಾನು ಮಂಡಿಯೂರಿ ಗುಳ್ಳೆಗಳನ್ನು ನೋಡುತ್ತಿದ್ದೆ. ಒಂದು ನಿಂತಿತೆಂದರೆ ಇನ್ನೊಂದು. ಅಂಗಳದಾಚೆಯಿಂದ ಅಕ್ಕನ ಕೂಗು ಬರುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ಕೂಗಿಗಿಂತ ಅದು ನಿಂತ ಹೊತ್ತು ಹೆಚ್ಚು ಹೆದರಿಸುತ್ತಿತ್ತು.

ತಡೆಯಲಾರದೆ ಒಮ್ಮೆ ಎದ್ದು ಓಡಿದೆ. ಅವಳು ಕಾರಿಡಾರಿನ ಮಂಚದಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಇನ್ನೆಷ್ಟು ಹೊತ್ತು ತಮಾ?"

"ಈಗ ಆತು ಅಕ್ಕಾ."

ಅವಳು ತಿರುಗಿ ನನ್ನನ್ನು ನೋಡಿದಳು. ನನ್ನ ಮುಖದಲ್ಲಿ ಏನಿತ್ತೋ. "ನೀ ಹೆದರಡ," ಎಂದಳು.

ವಾಪಸು ಬಂದಾಗ ಸಾಯ್ಬರು ಡೀಸೆಲ್ ಚಿಮುಕಿಸುವ ಸಣ್ಣ ಮೂತಿಯನ್ನು ಬಿಚ್ಚಿ, ಅಂಟು ಉಜ್ಜಿ ತೆಗೆದು, ಮತ್ತೆ ಕೂರಿಸುತ್ತಿದ್ದರು. ತಾಂಡೇಲ ಒಂದು ತೆಂಗಿನಕಾಯಿ ಹಿಡಿದು ನಿಂತಿದ್ದ.

"ನೂಲ ಹುಣ್ಣಿಮೆ ಆಗದೆ ಕಟ್ಟಿಟ್ಟ ದೋಣಿನ ನೀರಿಗೆ ಇಳ್ಸೂದಿಲ್ಲ ನಾವು. ಕಾಯಿ ಒಡಿದೆ ಮುಟ್ಟೂಕೂ ಇಲ್ಲ. ಅದಕ್ಕೇ ಎರಡು ವರ್ಷ ನಾ ಇದ್ರ ಚಕ್ರ ಸೈತ ತಿರುಗ್ಸಿಲ್ಲ."

"ಒಡೀರಿ ಮಾರಾಯ್ರೆ, ಬೇಗ ಒಡೀರಿ. ಚೂರು ಒಳಗೆ ಬೀಳ್ದೆ ಇರ್ಲಿ, ಅಷ್ಟು ಸಾಕು," ಎಂದರು ಸಾಯ್ಬರು. ನನ್ನ ಕಡೆ ತಿರುಗಿ, "ಮಾಸ್ತರ್ರೆ, ಹ್ಯಾಂಡಲಿಗೆ ಹೆಬ್ಬೆರಳು ಸುತ್ತಬೇಡಿ. ಇಂಜಿನ್ ಉಲ್ಟಾ ಹೊಡೆದ್ರೆ ಬೆರಳು ಕುಮಟೆಗೆ, ನೀವು ಇಲ್ಲಿ."

ಆಪರೇಷನ್ ಕೋಣೆಗೆ ಹೋಗುವ ಸ್ವಿಚ್ಚನ್ನು ಅವರು ಹಾಕಿರಲಿಲ್ಲ. ಶೆಡ್ಡಿನೊಳಗೆ ಒಂದು ಬಲ್ಬು ನೇತುಹಾಕಿದ್ದರು, ಮೊದಲು ಇದನ್ನು ನೋಡೋಣ ಎಂದು. ಹ್ಯಾಂಡಲ್ ಸುತ್ತಿದೆವು. ಏನೂ ಇಲ್ಲ. ಮತ್ತೆ ಸುತ್ತಿದೆವು. ಬಿಳಿ ಹೊಗೆಯ ಒಂದು ಉಗುಳು. ಮೂರನೆಯ ಸಲ ಇಂಜಿನ್ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಹಿಡಿಯಿತು.

ಆಗಿನ ಸಂತೋಷ ಎಷ್ಟು ಹೊತ್ತು ಇತ್ತು? ಎರಡು ಉಸಿರು ಇರಬಹುದು. ಬಲ್ಬು ಕೆಂಪಾಗಿ, ಹಳದಿಯಾಗಿ ಹೊತ್ತಿತು. ತಾಂಡೇಲ ಕೈಮುಗಿದ. ಆದರೆ ಇಂಜಿನಿನ ಶಬ್ದ ಒಂದು ಕಡೆ ನಿಲ್ಲಲಿಲ್ಲ. ಡಬಡಬ ಎನ್ನುತ್ತಿದ್ದುದು ಒಂದೇ ಎಳೆಯ ಗುಂಯ್ ಆಯಿತು, ಗುಂಯ್ ಎನ್ನುವುದು ಸಿಳ್ಳೆಯಾಗತೊಡಗಿತು. ತೆಂಗಿನ ಕೊರಡುಗಳು ನೆಲದ ಮೇಲೆ ನನ್ನ ಕಡೆ ತೆವಳಿ ಬಂದವು. ಬಲ್ಬು ಬೆಳ್ಳಗಾಯಿತು, ನೀಲಿಯಾಯಿತು, ಟಪ್ ಎಂದು ಒಡೆದು ಗಾಜು ನನ್ನ ಭುಜದ ಮೇಲೆ ಉದುರಿತು. ಸಾಯ್ಬರು ತಲೆಯ ಮೇಲಿನ ಒದ್ದೆ ಗೋಣಿಯನ್ನು ಕಿತ್ತು, ಉಂಡೆ ಮಾಡಿ, ಗಾಳಿ ಎಳೆಯುವ ಕೊಳವೆಗೆ ಒತ್ತಿ ಹಿಡಿದು ಅದರ ಮೇಲೆ ಎದೆಯಿಟ್ಟು ಬಿದ್ದರು. ಇಂಜಿನ್ ಉಸಿರು ಸಿಗದೆ ಒದ್ದಾಡಿ ನಿಂತಿತು.

ಮಳೆಯ ಶಬ್ದ ಮತ್ತೆ ಕೇಳಿಸಿತು.

ಸಾಯ್ಬರು ಪಂಪಿನ ಪಕ್ಕದ ಮುಚ್ಚಳ ಬಿಚ್ಚಿದರು. ಡೀಸೆಲ್ ಎಷ್ಟು ಹೋಗಬೇಕೆಂದು ತೀರ್ಮಾನಿಸುವ ಸಣ್ಣ ಉಕ್ಕಿನ ಸಳಿ, ಕಡ್ಡಿಯಂಥದ್ದು, ಅಲ್ಲಿತ್ತು. ಇಂಜಿನ್ ಜೋರಾದರೆ ಅದು ತಾನಾಗಿ ಹಿಂದೆ ಸರಿಯಬೇಕು. ಅದು ಪೂರ್ತಿ ತೆರೆದ ಕಡೆಯೇ ಕಚ್ಚಿಕೊಂಡಿತ್ತು. ಸುತ್ತ ಕಂದು ಬಣ್ಣದ ಗಟ್ಟಿ ಪೊರೆ.

"ಎಣ್ಣೆ ಒಣಗಿ ಅಂಟಾಗಿದೆ. ವಾರ್ನಿಶಿನ ಹಾಂಗೆ."

"ಹಲಗೆಗೆ ಅದು ಒಳ್ಳೇದು," ಎಂದ ತಾಂಡೇಲ. ಅವನ ಧ್ವನಿ ಸಣ್ಣದಾಗಿತ್ತು. "ಒಳಗೆ ಹೀರಿಕೊಳ್ತದೆ."

"ಕಬ್ಬಿಣ ಎಂತ ಹೀರ್ತದೆ ತಾಂಡೇಲ್ರೆ."

ಚಿಮಣಿ ಎಣ್ಣೆಯಲ್ಲಿ ನೆನೆಸಿ ಎಳೆದಾಗ ಸಳಿ ಕೈಗೆ ಬಂತು, ಬಿಗಿಯಾಗಿ. ಆದರೆ ಅದನ್ನು ತಾನಾಗಿ ನಡೆಸುವ ಒಳಗಿನ ತೂಕದ ಗುಂಡುಗಳೂ ಸ್ಪ್ರಿಂಗೂ ಅಂಟಿಹೋಗಿದ್ದವು; ಅದನ್ನು ಬಿಚ್ಚಲು ಅರ್ಧ ದಿನ ಬೇಕು. ನನ್ನ ಗಡಿಯಾರದಲ್ಲಿ ಗಂಟೆ ತೀರಿ ಎಂಟು ನಿಮಿಷವಾಗಿತ್ತು. ಡಾಕ್ಟರು ಶೆಡ್ಡಿನ ಬಾಗಿಲಿಗೆ ಬಂದು ನಿಂತಿದ್ದರು. ಅವರ ಕೈಯಲ್ಲಿ ಈಗ ಟವೆಲಿರಲಿಲ್ಲ, ಟಾರ್ಚಿತ್ತು.

"ಕೈಯಿಂದ ನಡ್ಸಬಹುದು," ಎಂದರು ಸಾಯ್ಬರು. "ಒಬ್ರು ಈ ಸಳಿ ಹಿಡ್ಕೊಂಡು ಕೂರಬೇಕು. ನಾ ಗೋಣಿ ಹಿಡ್ಕೊಂಡು ಗಾಳಿ ಕೊಳವೆ ಹತ್ರ ನಿಲ್ತೆ, ಮತ್ತೆ ಹಾಂಗೇ ಹುಚ್ಚು ಓಡ್ತು ಅಂದ್ರೆ ಅದೇ ಗತಿ. ತಾಂಡೇಲ್ರು ನೀರು ಹೊಯ್ತಿರ್ಲಿ, ಇಂಜಿನ್ ಬಿಸಿ ಆಗ್ಬಾರ್ದು. ಸಳಿ ಮಾಸ್ತರ್ರದ್ದು."

"ನನಗೆ ಬರುವುದಿಲ್ಲ. ನೀವೇ ಹಿಡಿಯಿರಿ."

"ನನ್ನ ಕಣ್ಣು ಮಂಜು. ಬಲ್ಬಿನ ಬಣ್ಣ ನಂಗೆ ಸಮ ತಿಳೀದಿಲ್ಲ. ಇದರಲ್ಲಿ ಕಲಿಯೂದು ಎಂತದೂ ಇಲ್ಲ. ಬಲ್ಬು ಹಳದಿ ಇರ್ಬೇಕು. ಬಿಳಿ ಆದ್ರೆ ಹಿಂದೆ ತೆಗೀರಿ, ಕೆಂಪಾದ್ರೆ ಮುಂದೆ ತಳ್ಳಿ. ಬೇರೆ ಕಡೆ ನೋಡಬೇಡಿ."

ಡಾಕ್ಟರು ನನ್ನನ್ನು ನೋಡಿ, "ಬಲ್ಬು ಅಲ್ಲಿ ಒಡೆಯಬಾರದು. ಆರಲೂಬಾರದು," ಎಂದಷ್ಟೇ ಹೇಳಿ ಹೋದರು.

ಬಿಳಿಯಾದರೆ ಅಲ್ಲಿ ಈಥರಿನ ಮೇಲೆ ಗಾಜು ಒಡೆಯುತ್ತದೆ. ಕೆಂಪಾದರೆ ತೆರೆದ ಹೊಟ್ಟೆಯ ಮೇಲೆ ಕತ್ತಲು. ಎರಡರ ನಡುವೆ ಆ ಸಳಿ ಸರಿಯುವ ದಾರಿ ಒಂದು ಅಕ್ಕಿಕಾಳಿನಷ್ಟು.

ಇಂಜಿನ್ ಎರಡನೆಯ ಸಲ ಬೇಗ ಹಿಡಿಯಿತು. ಹೊಸ ಬಲ್ಬು ಹೊತ್ತಿತು, ನಡುಗಿತು, ಹಳದಿಗೆ ನಿಂತಿತು. ಸಾಯ್ಬರು ಕೋಣೆಯ ಸ್ವಿಚ್ಚು ಹಾಕಿದರು. ಇಂಜಿನ್ ಹೊರೆ ಹೊತ್ತವನಂತೆ ಕುಸಿಯಿತು, ನಾನು ಸಳಿ ತಳ್ಳಿದೆ, ಎದ್ದಿತು. ಶೆಡ್ಡಿನ ತೆರೆದ ಬಾಗಿಲಿನಿಂದ ಆಪರೇಷನ್ ಕೋಣೆಯ ಕಿಟಕಿ ನೇರ ಕಾಣುತ್ತಿತ್ತು. ಬೂದು ಮಳೆಯ ನಡುವೆ ಅದೊಂದು ಹಳದಿ ಚೌಕ.

ಎಷ್ಟು ಹೊತ್ತು ಕೂತಿದ್ದೆ? ಗಡಿಯಾರ ನೋಡುವ ಹಾಗಿರಲಿಲ್ಲ. ಸಾಯ್ಬರು ಮುಕ್ಕಾಲು ಗಂಟೆ ಎಂದರು, ತಾಂಡೇಲ ಐವತ್ತು ಕೊಡ ನೀರು ಎಂದ. ಬೆರಳು ಮೊದಲು ನೋಯಿತು, ಆಮೇಲೆ ನನ್ನದಲ್ಲವೆಂಬಂತಾಯಿತು. ಉಕ್ಕು ಬಿಸಿಯಾಗುತ್ತ ಬಂತು. ಇಂಜಿನಿನ ಸದ್ದಿನಲ್ಲಿ ಬೇರೆ ಏನೂ ಕೇಳುತ್ತಿರಲಿಲ್ಲ. ಅಕ್ಕನ ಕೂಗೂ ಇಲ್ಲ. ಅವಳಿಗೆ ಈಥರ್ ಕೊಟ್ಟಾಗಿರಬೇಕು ಎಂದುಕೊಂಡೆ. ಅಥವಾ ಕೊಡುವ ಅಗತ್ಯವೇ ಬೀಳಲಿಲ್ಲವೋ ಎಂದೂ ಅನಿಸಿತು. ಒಮ್ಮೆ ಅನಿಸಿದ ಮೇಲೆ ಅದು ಹೋಗಲಿಲ್ಲ.

ಆಗ ನಾನು ಕಿಟಕಿಯನ್ನು ನೋಡಿದೆ.

ಅಲ್ಲಿ ಒಂದು ನೆರಳು ಬೇಗ ಬೇಗ ಆಚೀಚೆ ಹೋಯಿತು. ಯಾರೋ ಏನನ್ನೋ ಎತ್ತಿದಂತೆ ಕಂಡಿತು. ನಾನು ಅದನ್ನೇ ನೋಡುತ್ತಿರುವಾಗ ಹಳದಿ ಚೌಕ ಕೆಂಪಾಯಿತು, ಕಂದಾಯಿತು, ಗೋಡೆಯ ಬಣ್ಣಕ್ಕೆ ಸೇರಿ ಮಾಯವಾಯಿತು. ಕರೆಂಟು ಹೋಯಿತು ಎಂದುಕೊಂಡೆ. ಹಾಗೆಯೇ ಅಂದುಕೊಂಡೆ, ಬೇರೆ ಯಾರದೋ ತಪ್ಪಿನ ಹಾಗೆ. ಸಾಯ್ಬರು ನನ್ನ ಬೆನ್ನಿಗೆ ಗುದ್ದಿದ ಮೇಲೆಯೇ ತಿಳಿದದ್ದು ಕರೆಂಟು ಎಂದರೆ ನನ್ನ ಕೈ ಎಂದು. ಸಳಿ ಮುಂದೆ ತಳ್ಳಿದೆ. ಹೆಚ್ಚು ತಳ್ಳಿದೆ, ಬಲ್ಬು ಬಿಳಿಗೆ ಹಾರಿತು, ಹಿಂದೆ ಎಳೆದೆ. ಹಳದಿ.

ಐದು ಸೆಕೆಂಡು ಎಂದು ನಾನು ಲೆಕ್ಕ ಹಾಕಿದ್ದೇನೆ. ಸಾಯ್ಬರನ್ನು ಒಮ್ಮೆ ಕೇಳಿದಾಗ, "ಅಷ್ಟೆಲ್ಲ ಇಲ್ಲ ಮಾಸ್ತರ್ರೆ, ರೆಪ್ಪೆ ಹೊಡ್ದಷ್ಟು," ಎಂದರು. ಅವರು ಒಳ್ಳೆಯ ಮನುಷ್ಯ.

ಆಮೇಲೆ ನಾನು ಬಲ್ಬಿನಿಂದ ಕಣ್ಣು ತೆಗೆಯಲಿಲ್ಲ. ಕಿಟಕಿಯಲ್ಲಿ ನರ್ಸ್ ಕೈಬೀಸುತ್ತಿರುವುದನ್ನು ತಾಂಡೇಲ ಕಂಡು ಹೇಳಿದ ಮೇಲೂ ಬಿಡಲಿಲ್ಲ. ಸಾಯ್ಬರೇ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

ಡಾಕ್ಟರು ಜಗಲಿಗೆ ಬಂದರು. "ನಿಮ್ಮ ಅಕ್ಕ ಇದ್ದಾರೆ. ಉಳಿಯುತ್ತಾರೆ. ಮಗು ಉಳಿಯಲಿಲ್ಲ. ಹೆಣ್ಣು."

ನಾನು ಬಾಯಿ ತೆರೆಯುವ ಮೊದಲು ತಾಂಡೇಲ ಕೇಳಿದ: "ನನ್ನ ಎಣ್ಣೆಯಿಂದ ತಡ ಆತಾ ಡಾಕ್ಟ್ರೆ?"

ಡಾಕ್ಟರು ಅವನ ಕಡೆ ತಿರುಗಿದರು. "ಎರಡು ದಿನ ಆಗಿತ್ತು, ತಾಂಡೇಲರೆ." ಆ ಮಾತು ಅವನಿಗೆ ಸಮಾಧಾನವೋ, ಭಟ್ಕಳದಲ್ಲಿ ಒಂದು ದಿನ ಸುಮ್ಮನೆ ಕೂತ ನನಗೆ ಹೇಳಿದ್ದೋ.

"ನಡುವೆ ಒಮ್ಮೆ ಬೆಳಕು..." ಎಂದೆ.

"ಬೆಳಕು ಸಾಕಿತ್ತು," ಎಂದು ಅವರು ಒಳಗೆ ಹೋದರು.

ಅದರ ಮಾರನೆಯ ವರ್ಷ ಡಾಕ್ಟರು ಊರು ಬಿಟ್ಟರು. ನಾನು ಬೀಳ್ಕೊಡಲು ಹೋಗಿದ್ದೆ, ಆ ಬೆಳಕಿನ ವಿಷಯ ಕೇಳಬೇಕೆಂದೇ. ಮಳೆ, ಬೆಳೆ, ವರ್ಗಾವಣೆ ಎಲ್ಲ ಮಾತಾಡಿ ಬಂದೆ. ತಾಂಡೇಲ ಆ ಇಂಜಿನನ್ನು ಚಿಮಣಿ ಎಣ್ಣೆಯಲ್ಲಿ ಉಜ್ಜಿ ಉಜ್ಜಿ ತೊಳೆದ. ಅವನ ಸಮಾಧಾನಕ್ಕೆ ಸಾಯ್ಬರು ವಾರಕ್ಕೊಮ್ಮೆ ಬಂದು ಅದನ್ನು ಚಾಲೂ ಮಾಡಿ ತೋರಿಸುತ್ತಿದ್ದರು. ಆದರೆ ಅವನು ಮತ್ತೆ ಯಾವ ದೋಣಿಗೂ ಎಣ್ಣೆ ಹಚ್ಚಲಿಲ್ಲ ಎಂದು ಯಾರೋ ಹೇಳಿದ್ದು, ಅಥವಾ ನಾನೇ ಕಟ್ಟಿಕೊಂಡದ್ದು.

ಅಕ್ಕನಿಗೆ ಆಮೇಲೆ ಇಬ್ಬರು ಮಕ್ಕಳಾದರು. ಆ ದಿನ ಕರೆಂಟು ಹೋಗಿಯೇ ಇರಲಿಲ್ಲ ಎನ್ನುತ್ತಾಳೆ ಅವಳು. ತಲೆಯ ಮೇಲೆ ದೊಡ್ಡ ದೀಪ ಉರಿಯುತ್ತಿತ್ತು, ಒಂದು ಸಲವೂ ಮಿಣುಕಲಿಲ್ಲ, ತನಗೆ ಸ್ಪಷ್ಟ ನೆನಪಿದೆ ಎನ್ನುತ್ತಾಳೆ. ಅವಳಿಗೆ ಎಚ್ಚರವಿರಲಿಲ್ಲ ಎಂದು ನಾನು ತಿದ್ದುವುದಿಲ್ಲ. ತಿದ್ದಿದರೆ ಉಳಿದದ್ದನ್ನೂ ಹೇಳಬೇಕಾಗುತ್ತದೆ.

ಕಿಟಕಿ ಕತ್ತಲಾದಾಗ ಮಗು ಇನ್ನೂ ಒಳಗಿತ್ತೋ, ಹೊರಗೆ ಬಂದಾಗಿತ್ತೋ, ಆಗ ಅದಕ್ಕೆ ಜೀವವಿತ್ತೋ ಇರಲಿಲ್ಲವೋ, ನನಗೆ ಗೊತ್ತಿಲ್ಲ.